ಘಾಟಿಯಲ್ಲಿ ಟವರ್ ಸಿಗಲ್ಲ ಅಂತ ಸಿಬಿ ರೇಡಿಯೋ ಹಾಕಿಸ್ತೀರಾ? ಕ್ಯಾರವಾನ್, ಜೀಪಿಗೆ ಆಂಟೆನಾ ಕೂರಿಸುವ ಮುನ್ನ ಇದನ್ನು ಓದಿ

ಮೂಡಿಗೆರೆ: ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದರೆ ಮೊಬೈಲ್‌ನಲ್ಲಿ ಟವರ್ ಹೋಗುತ್ತೆ, ಬರುತ್ತೆ. ಕಳಸದಿಂದ ಕುದುರೆಮುಖದ ಕಡೆ ಹೋದರೆ ಕಾಡಿನ ನಡುವೆ ಎಷ್ಟೋ ದೂರ ಪೂರ್ತಿ ನಾಪತ್ತೆ. ಎರಡು ಗಾಡಿಯಲ್ಲಿ ಹೊರಟವರಲ್ಲಿ ಹಿಂದಿನ ಗಾಡಿ ಪಂಕ್ಚರ್ ಆದರೆ ಮುಂದಿನವರಿಗೆ ಗೊತ್ತಾಗೋದು ಅವರು ಎಲ್ಲೋ ಟೀ ಕುಡಿಯೋಕೆ ನಿಂತಾಗ. ಮಳೆಗಾಲದಲ್ಲಿ ಮರ ಬಿದ್ದು ಅಥವಾ ಗುಡ್ಡ ಜರಿದು ರಸ್ತೆ ಕಟ್ಟಾದರೆ ಕಥೆ ಇನ್ನೂ ಕಷ್ಟ.

ಇತ್ತೀಚೆಗೆ ಟೆಂಪೋ ಟ್ರಾವೆಲರ್‌ಗಳನ್ನೇ ಮನೆಯಂತೆ ಮಾಡಿಸಿಕೊಂಡು, ಒಳಗೇ ಮಂಚ, ಅಡುಗೆ ಕಟ್ಟೆ ಹಾಕಿಸಿಕೊಂಡು ಬರುವ ಕ್ಯಾರವಾನ್‌ಗಳು ನಮ್ಮ ಕಡೆ ಕಾಣಿಸುತ್ತಿವೆ. ಇಂಥ ಗಾಡಿಗಳಿಗೆ, ಟ್ರೆಕ್ಕಿಂಗ್ ಜೀಪ್‌ಗಳಿಗೆ ಮೊಬೈಲ್ ಬದಲು ಬಳಸಬಹುದಾದ ಒಂದು ಸಾಧನ ಸಿಬಿ ರೇಡಿಯೋ. ಸೆಟ್ ಕೊಳ್ಳೋದು ಸುಲಭ. ಆದರೆ ಅದು ಕೆಲಸ ಮಾಡುತ್ತೋ ಇಲ್ಲವೋ ಅನ್ನೋದನ್ನ ತೀರ್ಮಾನಿಸೋದು ಆಂಟೆನಾ. ತಪ್ಪು ಜಾಗದಲ್ಲಿ ಕೂರಿಸಿದರೆ ಎದುರಿನ ತಿರುವಿಗೂ ಮಾತು ಮುಟ್ಟಲ್ಲ. ತಪ್ಪು ಸೆಟ್ ತಂದರೆ ಕಾನೂನು ತೊಂದರೆ ಬೇರೆ. ಹಾಕಿಸಿಕೊಳ್ಳುವವರಿಗೂ, ಹಾಕಿಕೊಡುವ ಆಟೋ ಎಲೆಕ್ಟ್ರಿಕಲ್ ಅಂಗಡಿಯವರಿಗೂ ಇಲ್ಲಿದೆ ಪೂರ್ತಿ ಮಾಹಿತಿ.

ಏನಿದು ಸಿಬಿ ರೇಡಿಯೋ?

ಸಿಬಿ ಅಂದರೆ ಸಿಟಿಜನ್ ಬ್ಯಾಂಡ್. ಜನಸಾಮಾನ್ಯರ ಬಳಕೆಗೆ ಅಂತಲೇ ಬಿಟ್ಟಿರುವ 27 ಮೆಗಾಹರ್ಟ್ಸ್ ಸುತ್ತಮುತ್ತಲಿನ ತರಂಗಗಳು. ಅಮೆರಿಕದಲ್ಲಿ 1958ರಲ್ಲಿ ಈ ಬ್ಯಾಂಡ್ ಜನರಿಗೆ ಸಿಕ್ಕಿತು. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಡೀಸೆಲ್ ಎಲ್ಲಿ ಸಿಗುತ್ತೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಅಂತ ಲಾರಿ ಚಾಲಕರು ಇದರಲ್ಲೇ ಮಾತಾಡಿಕೊಂಡರು. 1977ರಲ್ಲಿ ಅಲ್ಲಿ ಚಾನೆಲ್‌ಗಳ ಸಂಖ್ಯೆ 40ಕ್ಕೆ ಏರಿತು. ಇಂದಿಗೂ ಹೆಚ್ಚಿನ ಸೆಟ್‌ಗಳು ಇದೇ 40 ಚಾನೆಲ್ ಲೆಕ್ಕದಲ್ಲೇ ಬರುತ್ತವೆ.

ಇದಕ್ಕೆ ಟವರ್ ಬೇಡ, ಸಿಮ್ ಬೇಡ, ತಿಂಗಳ ರೀಚಾರ್ಜ್ ಬೇಡ. ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ನೇರ ಮಾತು. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು ಅಷ್ಟೇ.

ಕಾನೂನು ಏನು ಹೇಳುತ್ತೆ?

ಇದನ್ನು ಮೊದಲು ಗಮನಿಸಿ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡ್‌ಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಶಕ್ತಿಯ ಮಿತಿ 5 ವ್ಯಾಟ್. ಬೇರೆಯವರಿಗೆ ಅಡ್ಡಿ ಮಾಡಬಾರದು, ಬೇರೆಯವರಿಂದ ಅಡ್ಡಿಯಾದರೆ ದೂರು ಕೊಡುವ ಹಾಗೂ ಇಲ್ಲ ಅನ್ನೋದು ಷರತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಅಮೆರಿಕದ ಲೆಕ್ಕದ ಸೆಟ್‌ನಲ್ಲಿ 1ನೇ ಚಾನೆಲ್ 26.965 ಮೆಗಾಹರ್ಟ್ಸ್, 27ನೇ ಚಾನೆಲ್ 27.275 ಮೆಗಾಹರ್ಟ್ಸ್. ಇವಿಷ್ಟೂ ನಮ್ಮ ಮಿತಿಯ ಒಳಗೆ. 28ನೇ ಚಾನೆಲ್ 27.285, ಅಂದರೆ ಗೆರೆ ದಾಟಿತು. ಹಾಗಾಗಿ 40 ಚಾನೆಲ್ ಸೆಟ್ ಇದ್ದರೂ ನಮ್ಮಲ್ಲಿ ಬಳಸಬೇಕಾದ್ದು 1ರಿಂದ 27 ಮಾತ್ರ. 28ರಿಂದ 40ರವರೆಗಿನವನ್ನು ಮುಟ್ಟಬೇಡಿ. 'ಎಸ್‌ಎಸ್‌ಬಿ' ಸೌಲಭ್ಯ ಇರುವ ಕೆಲವು ಸೆಟ್‌ಗಳು 12 ವ್ಯಾಟ್‌ವರೆಗೆ ಬಿಡುತ್ತವೆ. 'ಎಕ್ಸ್‌ಪೋರ್ಟ್ ಮಾಡೆಲ್' ಅಂತ ಬರೋವು ಇನ್ನೂ ಹೆಚ್ಚು ಬಿಡುತ್ತವೆ. ಅವು ಈ ವಿನಾಯಿತಿಗೆ ಬರಲ್ಲ. ಆಂಪ್ಲಿಫೈಯರ್ ಸೇರಿಸುವ ಮಾತಂತೂ ಬೇಡವೇ ಬೇಡ.

ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಯಾವ ಸೆಟ್ ಆದರೂ ಆಗುತ್ತೆ ಅಂತಲ್ಲ. ಸೆಟ್‌ಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ, ಅಂದರೆ ಉಪಕರಣ ಮಾದರಿಯ ಅನುಮೋದನೆ ಇರಬೇಕು. ಕೊಳ್ಳುವ ಮುಂಚೆ ಅಂಗಡಿಯವರ ಹತ್ತಿರ ಆ ಪತ್ರ ಕೇಳಿ. ಹೊರಗಿನ ಆಂಟೆನಾ ಹಾಕಿ ಬಳಸೋಕೆ ಆ ಮಾದರಿಗೆ ಒಪ್ಪಿಗೆ ಇದೆಯಾ ಅನ್ನೋದನ್ನೂ ಬರಹದಲ್ಲೇ ತಗೊಳ್ಳಿ. ಆಂಟೆನಾ ಜೋಡಿಸಿಕೊಂಡೇ ಬಂದ ಸೆಟ್‌ಗೆ ಮಾತ್ರ ಅನುಮೋದನೆ ಇದ್ದರೆ ಅದಕ್ಕೆ ಹೊರಗಿನದನ್ನು ಸಿಗಿಸಬೇಡಿ.

ಅಂಗಡಿಯವರೇ, ಇಲ್ಲಿ ಕೇಳಿ: ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ ಸಿಗುವ ಎಷ್ಟೋ ವಾಕಿಟಾಕಿಗಳು ಸಿಬಿ ಅಲ್ಲ. ಅವು ವಿಎಚ್‌ಎಫ್, ಯುಎಚ್‌ಎಫ್ ಸೆಟ್‌ಗಳು. ಪೊಲೀಸ್, ಅರಣ್ಯ ಇಲಾಖೆಯವರು ಬಳಸುವ ತರಂಗಗಳಿಗೂ ಹೋಗಿ ಬೀಳಬಲ್ಲವು. ಅವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋದು, ಮಾರೋದು ಎರಡೂ ತಪ್ಪು. ವಾಕಿಟಾಕಿಗಳಲ್ಲಿ ಲೈಸೆನ್ಸ್ ಬೇಡವಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳು. ಈ ಅಕ್ರಮ ಮಾರಾಟ ತಡೆಯೋಕೆ ಅಂತಲೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿದೆ. ತೋಟದ ಕೆಲಸಕ್ಕೆ ಅಂತ ಗಿರಾಕಿ ಕೇಳಿದ ಕೂಡಲೇ ತರಿಸಿಕೊಡುವ ಮುನ್ನ ಡಬ್ಬದ ಮೇಲಿನ ಮೆಗಾಹರ್ಟ್ಸ್ ಓದಿ.

ಹೋಂಸ್ಟೇ ನಡೆಸುವವರಿಗೆ ಇನ್ನೊಂದು ಮಾತು. ವಿದೇಶದಿಂದ ಬರುವ ಪ್ರವಾಸಿಗರು ಸ್ಯಾಟಲೈಟ್ ಫೋನ್ ತಂದಿದ್ದರೆ ಅನುಮತಿ ಇಲ್ಲದೆ ಇಲ್ಲಿ ಬಳಸುವಂತಿಲ್ಲ. ಅವರ ದೇಶದಲ್ಲಿ ಸರಿ ಇದ್ದದ್ದು ಇಲ್ಲಿ ಕೇಸ್ ಆಗುತ್ತೆ. ಮೊದಲೇ ತಿಳಿಸಿ.

ನಮ್ಮ ಬೆಟ್ಟದಲ್ಲಿ ಎಷ್ಟು ದೂರ ಹೋಗುತ್ತೆ?

ಪೆಟ್ಟಿಗೆ ಮೇಲೆ ಬರೆದ ಕಿಲೋಮೀಟರ್ ಲೆಕ್ಕ ನಂಬಬೇಡಿ. ಕಡೂರು, ಅಜ್ಜಂಪುರದ ಬಯಲಿನಲ್ಲಿ ಗಾಡಿಯಿಂದ ಗಾಡಿಗೆ ಎಂಟು-ಹತ್ತು ಕಿಲೋಮೀಟರ್ ಸಿಗಬಹುದು. ಚಾರ್ಮಾಡಿಯ ತಿರುವಿನಲ್ಲಿ, ಬಾಳೆಹೊನ್ನೂರು-ಕಳಸ ರಸ್ತೆಯ ತೋಟದ ಮಧ್ಯೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಸಾಕು ಅನ್ನಬೇಕು. ಅದೇ ದೇವರಮನೆ ಗುಡ್ಡದ ಮೇಲೆ ಅಥವಾ ಮುಳ್ಳಯ್ಯನಗಿರಿಯ ಏರಿನಲ್ಲಿ ನಿಂತರೆ ಕೆಳಗೆ ಕಣ್ಣಿಗೆ ಕಾಣುವ ಊರಿನವರೆಗೂ ಮಾತು ಹೋಗುತ್ತೆ.

ಕಾರಣ ಸರಳ. ಈ ಅಲೆ ಮುಖ್ಯವಾಗಿ ನೇರ ಹೋಗುತ್ತೆ. ಯುಎಚ್‌ಎಫ್‌ಗಿಂತ ಉದ್ದದ ಅಲೆ ಆದ್ದರಿಂದ ಮರದ ಸೊಪ್ಪು, ಸಣ್ಣ ದಿಣ್ಣೆ ದಾಟೋದರಲ್ಲಿ ಸ್ವಲ್ಪ ಮೇಲು. ಆದರೆ ಇಡೀ ಗುಡ್ಡ ಅಡ್ಡ ಬಂದರೆ ಯಾವ ಆಂಟೆನಾವೂ ಏನೂ ಮಾಡಲ್ಲ. ಒಮ್ಮೊಮ್ಮೆ ಹಗಲು ಹೊತ್ತು ದೂರದ ದೇಶದವರ ಮಾತು ಕೇಳಿಸುತ್ತೆ. ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ ಈ ಅಲೆ ಆಕಾಶದ ಮೇಲ್ಪದರಕ್ಕೆ ತಾಗಿ ವಾಪಸ್ ಬರೋದು ಇದಕ್ಕೆ ಕಾರಣ. ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಆಂಟೆನಾ ಎಷ್ಟು ಉದ್ದ ಇರಬೇಕು?

27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಗಾಡಿಗೆ ಹಾಕುವ ಕಡ್ಡಿ ಅದರ ಕಾಲು ಭಾಗ ಇದ್ದರೆ ಒಳ್ಳೆಯದು, ಅಂದರೆ ಎರಡೂ ಮುಕ್ಕಾಲು ಮೀಟರ್, ಹತ್ತಿರ ಹತ್ತಿರ 9 ಅಡಿ. ಇಷ್ಟುದ್ದದ ಕಡ್ಡಿ ಕ್ಯಾರವಾನ್ ಮೇಲೆ ನಿಲ್ಲಿಸಿದರೆ ಮೊದಲನೇ ತೋಟದ ಗೇಟಿನಲ್ಲೇ ಮರದ ಕೊಂಬೆಗೆ ಸಿಕ್ಕಿ ಮುರಿಯುತ್ತೆ.

ಅದಕ್ಕೇ ತಂತಿಯನ್ನು ಸುರುಳಿ ಸುತ್ತಿ ಉದ್ದ ಕಡಿಮೆ ಮಾಡಿದ ಆಂಟೆನಾಗಳು ಬರುತ್ತವೆ. ಸುರುಳಿ ಬುಡದಲ್ಲಿ, ನಡುವೆ ಅಥವಾ ತುದಿಯಲ್ಲಿ ಇರಬಹುದು. ಸಾಮಾನ್ಯ ಲೆಕ್ಕ ಇಷ್ಟು: ಕಡ್ಡಿ ಉದ್ದ ಇದ್ದಷ್ಟೂ ಕೆಲಸ ಚೆನ್ನಾಗಿ, ಗಿಡ್ಡ ಆದಷ್ಟೂ ನಷ್ಟ ಜಾಸ್ತಿ. ಒಂದೂವರೆ ಅಡಿಯ ಚಂದದ ಕಡ್ಡಿ ನೋಡೋಕೆ ಮಾತ್ರ. ನಮ್ಮ ರಸ್ತೆಗೆ 3ರಿಂದ 5 ಅಡಿಯ ನಡುವಿನದು ಹದವಾದ ಆಯ್ಕೆ. ಬುಡದಲ್ಲಿ ಸ್ಪ್ರಿಂಗ್ ಇದ್ದರೆ ಕೊಂಬೆ ತಾಗಿದಾಗ ಬಾಗಿ ಮತ್ತೆ ನಿಲ್ಲುತ್ತೆ. ಮಡಚುವ ಬುಡ ಇದ್ದರೆ ಇನ್ನೂ ಒಳ್ಳೆಯದು.

ಗಾಡಿ ಬಾಡಿ ಕಬ್ಬಿಣವೋ, ಫೈಬರ್ರೋ?

ಹೆಚ್ಚಿನವರು ಎಡವೋದು ಇಲ್ಲೇ. ಈ ಥರದ ಆಂಟೆನಾಕ್ಕೆ ಕಡ್ಡಿ ಅರ್ಧ ಭಾಗ ಮಾತ್ರ. ಇನ್ನರ್ಧ ಭಾಗದ ಕೆಲಸ ಮಾಡೋದು ಅದರ ಕೆಳಗಿರುವ ಲೋಹದ ಬಾಡಿ. ಬಾಡಿ ಇಲ್ಲದೆ ಕಡ್ಡಿ ಒಂದೇ ಇದ್ದರೆ ಒಂಟಿ ಕಾಲಲ್ಲಿ ನಿಂತ ಹಾಗೆ.

ಜೀಪ್, ಬೊಲೆರೊ, ಸಾಮಾನ್ಯ ಟೆಂಪೋ ಟ್ರಾವೆಲರ್‌ಗೆ ತಗಡಿನ ಛಾವಣಿ ಇರುವುದರಿಂದ ಚಿಂತೆ ಇಲ್ಲ. ಆದರೆ ಕೆಲವು ಕ್ಯಾರವಾನ್‌ಗಳ ಹಿಂಭಾಗ ಪೂರ್ತಿ ಫೈಬರ್. ಇನ್ನು ಕೆಲವದರಲ್ಲಿ ಛಾವಣಿ ಅಲ್ಯೂಮಿನಿಯಂ. ಒಂದು ಸಣ್ಣ ಅಯಸ್ಕಾಂತ ತಗೊಂಡು ಛಾವಣಿಗೆ ಹಿಡಿದು ನೋಡಿ. ಕಚ್ಚಿದರೆ ಕಬ್ಬಿಣ. ಕಚ್ಚದಿದ್ದರೆ ತಟ್ಟಿ ನೋಡಿ, ಬಾಡಿ ಕಟ್ಟಿಸಿದ ಗ್ಯಾರೇಜಿನವರನ್ನು ಕೇಳಿ.

ಅಲ್ಯೂಮಿನಿಯಂ ಆದರೆ ಮ್ಯಾಗ್ನೆಟ್ ಬುಡ ನಿಲ್ಲಲ್ಲ, ಬೋಲ್ಟ್ ಹಾಕಿ ಕೂರಿಸಬೇಕು. ಫೈಬರ್ ಆದರೆ ಮೂರು ದಾರಿ. ಒಂದು, ಮುಂದಿನ ಲೋಹದ ಕ್ಯಾಬಿನ್ ಕಡೆ, ಬಾನೆಟ್ ಅಂಚಿಗೆ ಅಥವಾ ಕನ್ನಡಿಯ ಬ್ರಾಕೆಟ್‌ಗೆ ಹಾಕೋದು. ಎರಡು, ಛಾವಣಿಯ ಒಳಗಡೆ ದೊಡ್ಡ ಲೋಹದ ತಗಡು ಅಥವಾ ಜಾಲರಿ ಅಂಟಿಸಿ, ಅಗಲವಾದ ಹೆಣೆದ ತಾಮ್ರದ ಪಟ್ಟಿಯಿಂದ ಚಾಸಿಗೆ ಸೇರಿಸೋದು. ಮೂರು, ಲೋಹದ ಬಾಡಿ ಬೇಡದ 'ನೋ ಗ್ರೌಂಡ್ ಪ್ಲೇನ್' ಆಂಟೆನಾ ತರೋದು. ಇದು ತನ್ನದೇ ಕೇಬಲ್ ಜೊತೆ ಬರುತ್ತೆ. ಆ ಕೇಬಲ್ಲನ್ನು ಕತ್ತರಿಸಬೇಡಿ, ಬೇರೆ ಕೇಬಲ್ ಹಾಕಬೇಡಿ. ಕೇಬಲ್ ಉದ್ದವೇ ಅದರ ಲೆಕ್ಕದಲ್ಲಿ ಸೇರಿರುತ್ತೆ.

ಎಲ್ಲಿ ಕೂರಿಸಬೇಕು?

• ಛಾವಣಿಯ ನಡುಭಾಗ: ರೇಡಿಯೋ ಲೆಕ್ಕದಲ್ಲಿ ಇದೇ ಅತ್ಯುತ್ತಮ. ನಾಲ್ಕೂ ದಿಕ್ಕಿಗೆ ಸಮನಾಗಿ ಹೋಗುತ್ತೆ. ಜೀಪಿಗೆ ಸರಿ. ಎತ್ತರದ ಕ್ಯಾರವಾನ್‌ಗೆ ಕೊಂಬೆಯ ಕಾಟ.

• ಬಾನೆಟ್ ಅಂಚು ಅಥವಾ ಕನ್ನಡಿ ಬ್ರಾಕೆಟ್: ಎತ್ತರ ಉಳಿಯುತ್ತೆ, ಕೇಬಲ್ ಗಿಡ್ಡ ಸಾಕು. ಆದರೆ ಹಿಂದಿನ ಎತ್ತರದ ಬಾಡಿ ಅಡ್ಡ ಬರುವುದರಿಂದ ಹಿಂದಕ್ಕೆ ಸ್ವಲ್ಪ ಕಡಿಮೆ. ಸುರುಳಿ ನಡುವೆ ಅಥವಾ ತುದಿಯಲ್ಲಿರುವ ಕಡ್ಡಿ ಇಲ್ಲಿಗೆ ವಾಸಿ, ಸುರುಳಿಯ ಭಾಗ ಛಾವಣಿಗಿಂತ ಮೇಲೆ ಇರುವ ಹಾಗೆ ನೋಡಿಕೊಳ್ಳಿ.

• ಹಿಂದಿನ ಏಣಿ: ಕ್ಯಾರವಾನ್‌ಗಳಲ್ಲಿ ಸುಲಭ. ಆದರೆ ಏಣಿ ಫೈಬರ್ ಬಾಡಿಗೆ ಮಾತ್ರ ತಾಗಿದ್ದರೆ ಅದಕ್ಕೆ ಅರ್ಥ್ ಸಿಕ್ಕಿರಲ್ಲ. ತಾಮ್ರದ ಪಟ್ಟಿಯಿಂದ ಚಾಸಿಗೆ ಸೇರಿಸಲೇಬೇಕು.

• ಮ್ಯಾಗ್ನೆಟ್ ಬುಡ: ತೂತು ಕೊರೆಯುವ ಹಂಗಿಲ್ಲ, ಬೇಡವಾದಾಗ ತೆಗೆದಿಡಬಹುದು. ಬಾಡಿಗೆ ಗಾಡಿಗೆ ಇದೇ ಸರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ. ವಾರಕ್ಕೊಮ್ಮೆ ಎತ್ತಿ ಒರೆಸಿ.

ಛಾವಣಿ ಮೇಲೆ ಸೋಲಾರ್ ಪ್ಯಾನೆಲ್, ಏಸಿ, ಕ್ಯಾರಿಯರ್ ಇದ್ದರೆ ಅವುಗಳಿಗೆ ಅಂಟಿಕೊಂಡ ಹಾಗೆ ಆಂಟೆನಾ ನಿಲ್ಲಿಸಬೇಡಿ. ಆದಷ್ಟು ದೂರ ಇಡಿ.

ಎತ್ತರ ಅಳೆಯಿರಿ, ಕರೆಂಟ್ ತಂತಿ ನೋಡಿ

ಇದು ಜೀವದ ವಿಷಯ. ಕ್ಯಾರವಾನ್ ನೆಲದಿಂದ ಎಂಟೂವರೆ-ಒಂಬತ್ತು ಅಡಿ ಇದ್ದು, ಮೇಲೆ 4 ಅಡಿ ಕಡ್ಡಿ ನಿಂತರೆ ಒಟ್ಟು 13 ಅಡಿ ಮುಟ್ಟುತ್ತೆ. ತೋಟದ ಒಳರಸ್ತೆಗಳಲ್ಲಿ ಮೆಸ್ಕಾಂ ತಂತಿ ಜೋತು ಬಿದ್ದಿರೋದು, ಲೈನ್ ಮನೆಗಳಿಗೆ ಸರ್ವಿಸ್ ವೈರ್ ಅಡ್ಡ ಎಳೆದಿರೋದು ಎಲ್ಲರೂ ನೋಡಿದ್ದೇ. ಲೋಹದ ಕಡ್ಡಿ ತಂತಿಗೆ ತಾಗಿದರೆ ಕರೆಂಟ್ ನೇರ ಗಾಡಿಗೇ ಇಳಿಯುತ್ತೆ.

ಆಂಟೆನಾ ಹಾಕಿದ ಮೇಲೆ ನೆಲದಿಂದ ತುದಿವರೆಗೆ ಟೇಪ್ ಹಿಡಿದು ಅಳೆದು, ಆ ಸಂಖ್ಯೆಯನ್ನು ಡ್ರೈವರ್ ಕಣ್ಣಿಗೆ ಬೀಳುವ ಹಾಗೆ ಬರೆದು ಅಂಟಿಸಿ. ಮುಖ್ಯ ರಸ್ತೆ ಬಿಟ್ಟು ತೋಟದ ದಾರಿಗೆ ತಿರುಗುವ ಮುನ್ನ ಕಡ್ಡಿ ಮಡಚಿ. ರಾತ್ರಿ ಗಾಡಿ ನಿಲ್ಲಿಸುವಾಗ ಮೇಲೆ ಲೈನ್ ಹೋಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಬೆಟ್ಟದ ಮೇಲೆ ಗಾಡಿ ನಿಂತಿದ್ದರೆ ಕಡ್ಡಿ ಇಳಿಸಿ, ಸೆಟ್‌ನಿಂದ ಕೇಬಲ್ ಬಿಚ್ಚಿಡಿ. ಮಿಂಚುವಾಗ ಮೈಕ್ ಮುಟ್ಟಬೇಡಿ.

ಕೇಬಲ್ ಮತ್ತು ಮಲೆನಾಡಿನ ಮಳೆ

ಟಿವಿ ಡಿಶ್‌ಗೆ ಬಳಸುವ ಕೇಬಲ್ ಇದಕ್ಕೆ ಆಗಲ್ಲ. ಅದು 75 ಓಮ್. ಸಿಬಿಗೆ ಬೇಕಾದ್ದು 50 ಓಮ್‌ನ ಆರ್‌ಜಿ-58 ಅಥವಾ ಅದಕ್ಕಿಂತ ದಪ್ಪದ್ದು. ಕೇಬಲ್ ಮಿಕ್ಕರೆ ಬಿಗಿಯಾಗಿ ಸುತ್ತಿ ಮೂಟೆ ಕಟ್ಟಬೇಡಿ, ಸೀಟಿನ ಕೆಳಗೆ ಸಡಿಲವಾಗಿ ಹಾಸಿ. ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲ್ ಇವತ್ತಲ್ಲ ನಾಳೆ ಒಳಗೆ ಶಾರ್ಟ್ ಆಗುತ್ತೆ. ಅಡುಗೆ ಗ್ಯಾಸ್ ಪೈಪಿನ ಪಕ್ಕ ಎಳೆಯಬೇಡಿ.

ನಮ್ಮ ಕಡೆ ಆಂಟೆನಾ ಹಾಳಾಗೋದು ಹೆಚ್ಚಾಗಿ ನೀರಿನಿಂದ. ಕೇಬಲ್ ತುದಿಯಲ್ಲಿ ಒಳಗೆ ಇಳಿದ ನೀರು ತಾಮ್ರದ ಹೆಣಿಗೆಯನ್ನು ಕಪ್ಪು ಮಾಡುತ್ತೆ, ಆಮೇಲೆ ಕೇಬಲ್ಲೇ ಎಸೆಯಬೇಕು. ಹೊರಗಿನ ಜೋಡಣೆಗೆ ತನ್ನಷ್ಟಕ್ಕೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಮೇಲೆ ಸಾಮಾನ್ಯ ಟೇಪ್ ಹಾಕಿ. ಗಾಡಿ ಒಳಗೆ ಹೋಗುವ ಜಾಗಕ್ಕೆ ಮುಂಚೆ ಕೇಬಲ್ಲನ್ನು ಒಂದು ಸಲ ಕೆಳಕ್ಕೆ ಬಾಗಿಸಿ ಮೇಲಕ್ಕೆ ತಂದರೆ ಹನಿ ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಬರಲ್ಲ. ವಿನೆಗರ್ ಥರ ಹುಳಿ ವಾಸನೆ ಬರುವ ಸಿಲಿಕಾನ್ ಪೇಸ್ಟ್ ತಾಮ್ರದ ಮೇಲೆ ಹಚ್ಚಬೇಡಿ, ಅದು ಲೋಹವನ್ನು ತಿನ್ನುತ್ತೆ.

ಬ್ರಾಕೆಟ್ ಕೂರಿಸುವ ಜಾಗದಲ್ಲಿ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಮಲ್ಟಿಮೀಟರ್‌ನಲ್ಲಿ ಬ್ರಾಕೆಟ್‌ಗೂ ಚಾಸಿಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಆಮೇಲೆ ಸುತ್ತ ಪೇಂಟ್ ಬಳಿದು ಮುಚ್ಚಿ. ಇಲ್ಲದಿದ್ದರೆ ಒಂದು ಮಳೆಗಾಲಕ್ಕೇ ತುಕ್ಕು.

ಕರೆಂಟ್ ಎಲ್ಲಿಂದ?

ಸಿಗರೇಟ್ ಲೈಟರ್ ಸಾಕೆಟ್‌ಗಿಂತ ನೇರ ಬ್ಯಾಟರಿಯಿಂದ ಫ್ಯೂಸ್ ಹಾಕಿ ವೈರ್ ಎಳೆಯೋದು ಉತ್ತಮ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಸೆಟ್‌ಗಳು ಸಾಮಾನ್ಯವಾಗಿ 12 ವೋಲ್ಟ್. ಬಸ್, ಲಾರಿ ಚಾಸಿ ಮೇಲೆ ಕಟ್ಟಿದ ದೊಡ್ಡ ಕ್ಯಾರವಾನ್‌ಗಳಲ್ಲಿ 24 ವೋಲ್ಟ್ ಇರುತ್ತೆ. ಹಾಗೇ ಕೊಟ್ಟರೆ ಸೆಟ್ ಸುಟ್ಟು ಹೋಗುತ್ತೆ, ಕನ್ವರ್ಟರ್ ಬೇಕು.

ಗರಗರ ಸದ್ದು ಬಂದರೆ ಇನ್ವರ್ಟರ್, ಸೋಲಾರ್ ಚಾರ್ಜರ್, ಎಲ್‌ಇಡಿ ದೀಪ ಒಂದೊಂದಾಗಿ ಆಫ್ ಮಾಡಿ ನೋಡಿ. ಇಂಜಿನ್ ಆರ್‌ಪಿಎಂ ಜೊತೆ ಸದ್ದು ಏರಿದರೆ ಆಲ್ಟರ್ನೇಟರ್‌ದು. ತೋಟದ ಪಕ್ಕ ನಿಂತಾಗ ಸೆಕೆಂಡಿಗೊಮ್ಮೆ 'ಟಿಕ್ ಟಿಕ್' ಅಂದರೆ ಅದು ಆನೆ ತಡೆಯೋಕೆ ಹಾಕಿದ ಸೋಲಾರ್ ಬೇಲಿಯ ಕರೆಂಟ್ ಇರಬಹುದು. ಸೆಟ್‌ನಲ್ಲಿ ಎಫ್‌ಎಂ ಆಯ್ಕೆ ಇದ್ದರೆ ಇಂಥ ಸದ್ದು ಕಡಿಮೆಯಾಗುತ್ತೆ. ಎಲ್ಲ ಗಾಡಿಗಳೂ ಒಂದೇ ಆಯ್ಕೆಯಲ್ಲಿರಬೇಕು ಅಷ್ಟೇ.

ಎಸ್‌ಡಬ್ಲ್ಯುಆರ್ ನೋಡದೆ ಮೈಕ್ ಒತ್ತಬೇಡಿ

ತೋಟದ ಸ್ಪ್ರಿಂಕ್ಲರ್ ನೆನಪಿಸಿಕೊಳ್ಳಿ. ಪಂಪು, ಪೈಪು, ಜೆಟ್ಟು ಒಂದಕ್ಕೊಂದು ಹೊಂದದಿದ್ದರೆ ಒತ್ತಡ ಪಂಪಿನ ಮೇಲೇ ಬೀಳುತ್ತೆ. ಇಲ್ಲೂ ಹಾಗೇ. ಆಂಟೆನಾ ಹೊಂದದಿದ್ದರೆ ಸೆಟ್ ಕಳಿಸಿದ ಶಕ್ತಿ ವಾಪಸ್ ಬಂದು ಸೆಟ್ಟನ್ನೇ ಬಿಸಿ ಮಾಡುತ್ತೆ. ಇದನ್ನು ಅಳೆಯೋದು ಎಸ್‌ಡಬ್ಲ್ಯುಆರ್ ಮೀಟರ್. 1.5 ಬಂದರೆ ವಾಪಸ್ ಬರೋದು ನೂರಕ್ಕೆ 4 ಭಾಗ, 2 ಬಂದರೆ 11 ಭಾಗ, 3 ಬಂದರೆ 25 ಭಾಗ. 1.5ರ ಒಳಗೆ ಇದ್ದರೆ ಚೆನ್ನ, 2ರವರೆಗೆ ನಡೆಯುತ್ತೆ, 3 ದಾಟಿದರೆ ಮಾತಾಡಬೇಡಿ, ದೋಷ ಹುಡುಕಿ.

ಅಳೆಯುವ ಕ್ರಮ ಹೀಗೆ: ಗಾಡಿಯನ್ನು ಗ್ಯಾರೇಜಿನ ಶೀಟಿನ ಕೆಳಗಿಂದ ಹೊರತಂದು ಬಯಲಿನಲ್ಲಿ ನಿಲ್ಲಿಸಿ. ಬಾಗಿಲು ಹಾಕಿ, ಆಂಟೆನಾ ಪಕ್ಕ ಯಾರೂ ನಿಲ್ಲಬಾರದು. ಸೆಟ್‌ಗೂ ಆಂಟೆನಾ ಕೇಬಲ್‌ಗೂ ನಡುವೆ ಮೀಟರ್ ಹಾಕಿ 1, 14, 27ನೇ ಚಾನೆಲ್‌ಗಳಲ್ಲಿ ನೋಡಿ, ಬರೆದುಕೊಳ್ಳಿ. ಯಾರಾದರೂ ಮಾತಾಡುತ್ತಿದ್ದರೆ ಅವರು ಮುಗಿಸುವವರೆಗೆ ಕಾಯಿರಿ.

1ನೇ ಚಾನೆಲ್‌ನಲ್ಲಿ ಜಾಸ್ತಿ, 27ರಲ್ಲಿ ಕಡಿಮೆ ಬಂದರೆ ಕಡ್ಡಿ ಗಿಡ್ಡ ಆಗಿದೆ, ಸ್ವಲ್ಪ ಮೇಲಕ್ಕೆಳೆಯಿರಿ. 27ರಲ್ಲಿ ಜಾಸ್ತಿ ಬಂದರೆ ಕಡ್ಡಿ ಉದ್ದ, ಇಳಿಸಿ. ಒಂದು ಸಲಕ್ಕೆ ಕೆಲವು ಮಿಲಿಮೀಟರ್ ಮಾತ್ರ. ಕತ್ತರಿಸೋದು ಕೊನೆಯ ದಾರಿ, ಕತ್ತರಿಸಿದ್ದು ವಾಪಸ್ ಬರಲ್ಲ. ಎಲ್ಲ ಚಾನೆಲ್‌ನಲ್ಲೂ ಜಾಸ್ತಿ ಬಂದರೆ ಉದ್ದದ ತೊಂದರೆ ಅಲ್ಲ. ಅರ್ಥ್ ಸಿಕ್ಕಿಲ್ಲ ಅಥವಾ ಕೇಬಲ್ ಶಾರ್ಟ್.

ಸಿಬಿ ಇದ್ದಮಾತ್ರಕ್ಕೆ ಸಹಾಯ ಬರಲ್ಲ

ಇದನ್ನು ಮರೆಯಬೇಡಿ. ನಮ್ಮಲ್ಲಿ ಪೊಲೀಸರಾಗಲಿ, ಆಂಬುಲೆನ್ಸ್‌ನವರಾಗಲಿ ಸಿಬಿ ಚಾನೆಲ್ ಕೇಳುತ್ತಾ ಕೂತಿರಲ್ಲ. ಅಮೆರಿಕದಲ್ಲಿ 9ನೇ ಚಾನೆಲ್ ತುರ್ತಿಗೆ ಮೀಸಲು, ಇಲ್ಲಿ ಅದನ್ನು ಒತ್ತಿ ಕೂಗಿದರೆ ಕೇಳುವವರು ಯಾರೂ ಇರಲಿಕ್ಕಿಲ್ಲ. ಸಿಬಿ ನಿಮ್ಮದೇ ಗುಂಪಿನ ಗಾಡಿಗಳ ನಡುವಿನ ಮಾತಿಗೆ ಮಾತ್ರ. ಹಿಂದಿನ ಗಾಡಿ ನಿಂತಿದೆ, ಎದುರಿಂದ ಬಸ್ ಬರ್ತಿದೆ, ತಿರುವಿನಲ್ಲಿ ಮರ ಬಿದ್ದಿದೆ, ಮಂಜು ಜಾಸ್ತಿ ಇದೆ, ನಿಧಾನ ಬನ್ನಿ. ಇಷ್ಟಕ್ಕೆ ಇದು ಬಹಳ ಉಪಯೋಗ. ತುರ್ತು ಸಂದರ್ಭದಲ್ಲಿ ಒಂದು ಗಾಡಿ ಟವರ್ ಸಿಗುವ ಜಾಗಕ್ಕೆ ಹೋಗಿ 112ಕ್ಕೆ ಕರೆ ಮಾಡಬೇಕು. ಇನ್ನೊಂದು ಗಾಡಿ ಗಾಯಾಳುಗಳ ಜೊತೆ ಇರಬೇಕು. ದೂರ ಹೆಚ್ಚಾಗದಿದ್ದರೆ ನಡುವಿನ ಸುದ್ದಿ ಸಿಬಿಯಲ್ಲಿ ಸಾಗುತ್ತೆ. ಮೈಕ್ ಹಿಡಿಯೋದು ಪಕ್ಕದ ಸೀಟಿನವರ ಕೆಲಸ, ಡ್ರೈವರ್‌ದಲ್ಲ.

ಇನ್ನೂ ದೂರ ಮಾತಾಡಬೇಕು ಅನ್ನುವವರಿಗೆ ನೇರ ದಾರಿ ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಅದರ 144 ಮೆಗಾಹರ್ಟ್ಸ್ ಬ್ಯಾಂಡಿಗೆ ಕಾಲು ಅಲೆಯ ಕಡ್ಡಿ ಅಂದರೆ ಅರ್ಧ ಮೀಟರ್ ಅಷ್ಟೇ, ಕ್ಯಾರವಾನ್ ಛಾವಣಿಗೂ ತೊಂದರೆ ಇಲ್ಲ.

ಹೊರಡುವ ಮುನ್ನ ಒಮ್ಮೆ ನೋಡಿ

• ಸೆಟ್‌ಗೆ ಇಟಿಎ ಪತ್ರ ಇದೆಯಾ, 5 ವ್ಯಾಟ್ ಒಳಗಿದೆಯಾ?
• ಗುಂಪಿನ ಎಲ್ಲ ಗಾಡಿಯವರಿಗೂ ಒಂದೇ ಚಾನೆಲ್ ಗೊತ್ತಿದೆಯಾ? 1ರಿಂದ 27ರ ಒಳಗೇ ಇದೆಯಾ?
• ಎಸ್‌ಡಬ್ಲ್ಯುಆರ್ 2ರ ಒಳಗಿದೆಯಾ? ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿದ್ರಾ?
• ಬ್ರಾಕೆಟ್ ಬೋಲ್ಟ್ ಬಿಗಿ ಇದೆಯಾ, ಟೇಪ್ ಬಿಚ್ಚಿಲ್ಲ ತಾನೇ?
• ಒಟ್ಟು ಎತ್ತರ ಎಷ್ಟು ಅಂತ ಡ್ರೈವರ್‌ಗೆ ಗೊತ್ತಾ?
• ಟವರ್ ಕಡೆಯ ಸಲ ಎಲ್ಲಿ ಸಿಕ್ಕಿತ್ತು ಅಂತ ಗುರುತು ಹಾಕಿಕೊಂಡಿದ್ದೀರಾ?